ಆರಾದ ಮೇಲೆ ಎಂಟು

ಯಾರಾದರೂ ಲಿಫ್ಟಿನೊಳಗೆ ಬಂದು "ಏಳು" ಎಂದರೆ ಸಾಕು, ಮೇಷ್ಟ್ರ ತೊಡೆಗಳು ಅವರನ್ನು ಕೇಳದೆಯೇ ಬಿಗಿದುಕೊಳ್ಳುತ್ತಿದ್ದವು. ಆಸ್ಪತ್ರೆಯ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದ ಹೊಸದರಲ್ಲಂತೂ ಸ್ಟೂಲಿನಿಂದ ಧಡಕ್ಕನೆ ಎದ್ದೇ ನಿಲ್ಲುತ್ತಿದ್ದರು. ಒಳಗಿದ್ದವರು ತಮಗೆ ಕೊಟ್ಟ ಮರ್ಯಾದೆಯೆಂದು ತಿಳಿದು ಸಂಕೋಚಪಡುತ್ತಿದ್ದರು. ಒಬ್ಬ ಅಜ್ಜ ಮಾತ್ರ, "ಕೂತ್ಕೊಳಪ್ಪಾ, ನಾನು ಹೇಳಿದ್ದು ಮಹಡಿ," ಎಂದು ತಿದ್ದಿದ್ದ. ಏಳನೆಯ ಮಹಡಿ ಮೂಳೆ ವಿಭಾಗ. ಮಂಡಿ ನೋವಿನವರು, ಸೊಂಟ ಹಿಡಿದುಕೊಂಡವರು, ಕೈ ಮುರಿದುಕೊಂಡವರು ಎಲ್ಲರೂ ಹೋಗುವುದು ಅಲ್ಲಿಗೇ. ದಿನಕ್ಕೆ ನೂರು ಸಲ "ಏಳು" ಅನ್ನಿಸಿಕೊಂಡೂ ಏಳದೆ ಕೂತಿರಬೇಕೆಂದು ಅವರ ಹಣೆಯಲ್ಲಿ ಬರೆದಿತ್ತು.

ಎಂಟು ಗಂಟೆಯಿಂದ ಸಂಜೆಯವರೆಗೆ ಅವರು ಬರೀ ಲಿಫ್ಟಿನವರು. ಅದಕ್ಕೂ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ಮುಚ್ಚಿಹೋದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೇಷ್ಟ್ರು. ಬರಿಗೈ ಕಾಳಗ ಕಲಿಸುತ್ತಿದ್ದರು. ಹದಿನಾಲ್ಕು ಜನ ಶಿಷ್ಯರು: ಬೇಕರಿಯವನೊಬ್ಬ, ಬಸ್ ಕಂಡಕ್ಟರೊಬ್ಬ, ಹಲ್ಲಿನ ಡಾಕ್ಟರೊಬ್ಬರು, ಕಾಲೇಜಿಗೆ ಹೋಗುವ ಹುಡುಗಿಯರು, ಹೀಗೆ. ಶೆಡ್ಡಿಗೆ ಗರಡಿ ಎಂದು ಹೆಸರಿಟ್ಟಿದ್ದರೂ ಮಳೆ ಬಂದರೆ ಅಲ್ಲಲ್ಲಿ ಬಕೆಟ್ ಇಡಬೇಕಾಗುತ್ತಿತ್ತು. ಆದರೇನು, ಅಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರೆ ಹದಿನಾಲ್ಕು ಬೆನ್ನುಗಳು ನೆಟ್ಟಗಾಗುತ್ತಿದ್ದವು. ಲಿಫ್ಟಿನಲ್ಲಿ ಗಂಟಲು ಸರಿಮಾಡಿಕೊಂಡರೆ ಜನ ಮಾಸ್ಕ್ ಹಾಕಿಕೊಳ್ಳುತ್ತಿದ್ದರು.

ಅವರ ವಿದ್ಯೆಯ ಬುಡವೆಲ್ಲ ಇದ್ದದ್ದು ಒಂದು ಕೂರುವಿಕೆಯಲ್ಲಿ. ಕಾಲು ಅಗಲಿಸಿ, ಬೆನ್ನು ನೆಟ್ಟಗಿಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತವರಂತೆ ತೊಡೆ ಇಳಿಸಿ ನಿಲ್ಲಬೇಕು. ಅರೆಕೂರು ಎಂದು ಅದರ ಹೆಸರು. ಮೇಷ್ಟ್ರು ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ, ಮತ್ತೆ ಒಂದರಿಂದ ಶುರು. ಹೀಗೆ ಇಪ್ಪತ್ತು ಸುತ್ತು. ಆ ಎಣಿಕೆಯಲ್ಲಿ ಏಳು ಇರಲಿಲ್ಲ. ಐದು, ಆರು, ಎಂಟು, ಒಂಬತ್ತು, ಹತ್ತು. ಇಪ್ಪತ್ತೂ ಸುತ್ತು ಮುಗಿದ ಮೇಲೆ ಒಂದೇ ಒಂದು ಸಲ "ಏಳು" ಎನ್ನುತ್ತಾರೆ; ಆಗ ಎಲ್ಲರೂ ಏಳಬಹುದು.

ಇದರ ಅರ್ಥವೇನೆಂದು ಕೇಳಿದವರಿಗೆ ಮೇಷ್ಟ್ರು ಕಣ್ಣು ಅರೆ ಮುಚ್ಚಿ, ಏಳನೆಯದು ಬಾಯಲ್ಲಿ ಎಣಿಸುವುದಲ್ಲ, ಉಸಿರಿನಲ್ಲಿ ಎಣಿಸುವುದು, ತಿಳಿಯುವ ಕಾಲಕ್ಕೆ ತಾನೇ ತಿಳಿಯುತ್ತದೆ ಎನ್ನುತ್ತಿದ್ದರು. ಹಲ್ಲಿನ ಡಾಕ್ಟರು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು. ನಿಜವಾದ ಕಾರಣ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಕಲಿಸಿದ ದೊಡ್ಡ ಮೇಷ್ಟ್ರು ಮರದ ಅಡ್ಡೆಯೊಂದರ ಕಾವಲುಗಾರ. ಶುರುವಿನಲ್ಲಿ ತಾವೂ ಎಲ್ಲರಂತೆ ಎಣಿಸುತ್ತಿದ್ದುದಾಗಿಯೂ, ಆರಾಗಿ ಏಳು ಎನ್ನುವಷ್ಟರಲ್ಲಿ ಹಾಳಾದವು ಎದ್ದು ನಿಂತುಬಿಡುತ್ತಿದ್ದುದರಿಂದ ಅದನ್ನು ಬಿಟ್ಟುಬಿಟ್ಟಿದ್ದಾಗಿಯೂ ಅವರೇ ಒಮ್ಮೆ ನಗುತ್ತ ಹೇಳಿದ್ದರು. ಪರಂಪರೆಯ ಮೂಲ ಇಷ್ಟೇ. ಇಷ್ಟು ಸಣ್ಣ ಕಾರಣ ಹೇಳಿದರೆ ಶಿಷ್ಯರು ಎರಡನೆಯ ದಿನಕ್ಕೆ ಬರುವುದಿಲ್ಲವೆಂದು, ಉಸಿರಿನ ಮಾತನ್ನು ಮೇಷ್ಟ್ರು ತಮ್ಮ ಕೈಯಿಂದ ಸೇರಿಸಿದ್ದರು.

ದೊಡ್ಡ ಮೇಷ್ಟ್ರಿಂದ ಬಂದ ಇನ್ನೊಂದು ಮಾತಿತ್ತು: "ಮಂಡಿ ಮಾತಾಡಿದ್ರೆ ನೀನು ಮಾತಾಡಬೇಡ." ನೋವೆಂದು ಬಾಯಿ ಬಿಡುವುದು ಆ ಗರಡಿಯಲ್ಲಿ ಸೋಲಿಗಿಂತಲೂ ಕಡೆ. ಅಂಚೆ ಹಂಚುವವನೊಬ್ಬ ಒಂದು ದಿನ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ. ಮೇಷ್ಟ್ರು ಎಲ್ಲರೆದುರು, "ನೋವಿದ್ದವರಿಗೆ ಆಸ್ಪತ್ರೆ ಇದೆ ಕಣಪ್ಪಾ, ಬಾ, ನಾನೇ ಲಿಫ್ಟಲ್ಲಿ ಕೂರಿಸ್ಕೊಂಡು ಕಳಿಸ್ತೀನಿ," ಎಂದರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮರುದಿನದಿಂದ ಅವನು ಬರಲಿಲ್ಲ. ಮಾತು ಎಷ್ಟು ಸೊಗಸಾಗಿ ಬಿತ್ತೆಂದು ಮೇಷ್ಟ್ರು ವಾರಗಟ್ಟಲೆ ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು.

ಆರು ತಿಂಗಳಿಗೆ ಅವರದೇ ಎಡಮಂಡಿ ಮಾತಾಡತೊಡಗಿತು. ಮೊದಮೊದಲು ಪಿಸುಮಾತು, ಆಮೇಲೆ ಭಾಷಣ. ಐವತ್ತಮೂರು ವಯಸ್ಸು, ಅರೆಕೂರಿನಿಂದ ಎದ್ದರೆ ಕಣ್ಣಲ್ಲಿ ನೀರು. ಮೇಷ್ಟ್ರು ಒಂದು ಉಪಾಯ ಹೂಡಿದರು. ಕೂತು ಕಲಿಸುವ ಘಟ್ಟವನ್ನು ತಾವು ದಾಟಿದ್ದಾಯಿತು, ಇನ್ನು ನಡೆದಾಡಿ ತಪ್ಪು ತಿದ್ದುವ ಘಟ್ಟ ಎಂದು ಸಾರಿ, ಕೈಯಲ್ಲೊಂದು ಬೆತ್ತ ಹಿಡಿದು ಸಾಲುಗಳ ನಡುವೆ ಓಡಾಡತೊಡಗಿದರು. ಶಿಷ್ಯರು ಬೆತ್ತ ಕಂಡು ಹೆದರಿದರು. ಅದು ಇದ್ದದ್ದು ಊರಿಕೊಳ್ಳಲು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಈ ಜಟ್ಟಿ ಬೀಳುವ ಮೊದಲೇ ಮೀಸೆಗೆ ಬಟ್ಟೆ ಸುತ್ತಿಕೊಂಡಿದ್ದರು.

ಮುಂದೆ ನಿಂತು ಅರೆಕೂರು ತೋರಿಸುವ ಜಾಗಕ್ಕೆ ಮಗಳು ಬಂದಳು. ಇಪ್ಪತ್ತಮೂರು ವರ್ಷದವಳು; ನೋಟುಪುಸ್ತಕ, ಪೆನ್ನು ಮಾರುವ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ. ಎಂಟನೆಯ ವಯಸ್ಸಿನಿಂದ ಅಪ್ಪನ ಕೈಯಲ್ಲೇ ಪಳಗಿದವಳು. ಗರಡಿಯಲ್ಲಿ ಅವಳಷ್ಟು ತಗ್ಗಿ ಕೂರುವವರು ಇನ್ನೊಬ್ಬರಿರಲಿಲ್ಲ. ಆ ವರ್ಷ ಸಂಜೆಗೂ ಒಂದು ತಂಡ ಶುರುವಾಗಿತ್ತು. ಬೆಳಿಗ್ಗೆ ಇಪ್ಪತ್ತು ಸುತ್ತು, ಸಂಜೆ ಇಪ್ಪತ್ತು ಸುತ್ತು; ಅಪ್ಪನ ಪಾಲಿನದನ್ನೂ ಸೇರಿಸಿ ಅವಳೇ ಕೂರುತ್ತಿದ್ದಳು. ಮೇಷ್ಟ್ರು ಬೆತ್ತದ ತುದಿಯಿಂದ ಅವಳ ತೊಡೆ ಮುಟ್ಟಿ, ಇನ್ನೊಂದು ಗೇಣು ಎನ್ನುತ್ತಿದ್ದರು. ಅವಳು ತುಟಿ ಪಿಟಕ್ಕೆನ್ನದೆ ಇನ್ನೊಂದು ಗೇಣು ಇಳಿಯುತ್ತಿದ್ದಳು.

ಇತ್ತ ಮೇಷ್ಟ್ರು ಕದ್ದುಮುಚ್ಚಿ ಏಳನೆಯ ಮಹಡಿಗೆ ಹೋಗತೊಡಗಿದ್ದರು. ಊಟದ ಬಿಡುವಿನಲ್ಲಿ ಲಿಫ್ಟನ್ನು ಅಲ್ಲೇ ನಿಲ್ಲಿಸಿ, "ದುರಸ್ತಿ ನಡೆಯುತ್ತಿದೆ" ಎಂಬ ಬೋರ್ಡು ತಗುಲಿಸುತ್ತಿದ್ದರು. ಯಾವುದರ ದುರಸ್ತಿ ಎಂದು ಅದರಲ್ಲಿ ಬರೆದಿರಲಿಲ್ಲ. ಸ್ಟ್ರೆಚರಿನ ಲಿಫ್ಟ್ ಬೇರೆಯೇ ಇದ್ದುದರಿಂದ ಯಾರ ಜೀವಕ್ಕೂ ಅಪಾಯವಿರಲಿಲ್ಲ. ಅತ್ತಿತ್ತ ನೋಡಿಕೊಂಡು ಫಿಸಿಯೋ ಮೇಡಂ ಕೋಣೆಗೆ ನುಸುಳಿ, ಹಸಿರು ಹಾಸಿಗೆಯ ಮೇಲೆ ಮಲಗಿ, ಎಂಥೆಂಥವರನ್ನೋ ಕೆಡವಿದ ಕಾಲನ್ನು ಒಂದು ಅಡಿ ಎತ್ತಲು ಏದುಸಿರು ಬಿಡುತ್ತಿದ್ದರು.

ಫಿಸಿಯೋ ಮೇಡಂ ಇನ್ನೂ ಚಿಕ್ಕ ವಯಸ್ಸಿನವಳು, ಆದರೆ ಮಾತು ನೇರ. ಮೈ ಬೆಚ್ಚಗೆ ಮಾಡಿಕೊಳ್ಳದೆ, ಬೆಳಿಗ್ಗೆ ಎದ್ದ ತಣ್ಣನೆಯ ಮೈಯಲ್ಲಿ ಇಷ್ಟು ಹೊತ್ತು ಹೀಗೆ ಕೂರಲು ನಿಮಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದಳು. ಮೇಷ್ಟ್ರು ಪರಂಪರೆ ಎಂದರು. ಹಾಗಾದರೆ ಪರಂಪರೆಯನ್ನೂ ಒಂದು ಸಲ ಕರೆದುಕೊಂಡು ಬನ್ನಿ, ಎಕ್ಸ್-ರೇ ತೆಗೆಯೋಣ ಎಂದಳು. ಆಮೇಲೆ ಸಮಾಧಾನವಾಗಿ ವಿವರಿಸಿದಳು. ಮೊದಲು ಹತ್ತು ನಿಮಿಷ ನಡೆಯಬೇಕು. ನೋವು ಕಂಡ ಎತ್ತರಕ್ಕೆ ನಿಲ್ಲಬೇಕು, ಅದಕ್ಕಿಂತ ಕೆಳಗೆ ಇಳಿಯಬಾರದು. ಪ್ರತಿ ಸುತ್ತಿಗೂ ಎದ್ದು ಕಾಲು ಕೊಡವಬೇಕು. ವಾರದಲ್ಲಿ ಎರಡು ದಿನ ಬಿಡುವು ಕೊಡಬೇಕು. ನೋವು ಕಾವಲುಗಾರನಿದ್ದಂತೆ, ಕೂಗಿದಾಗ ಏನಾಯಿತೆಂದು ಎದ್ದು ನೋಡಬೇಕೇ ಹೊರತು ಅವನ ಬಾಯಿಗೆ ಬಟ್ಟೆ ತುರುಕಬಾರದು. ಮೇಷ್ಟ್ರು ಎಲ್ಲಕ್ಕೂ ಕತ್ತು ಆಡಿಸಿದರು, ಹೇಳಿದ್ದನ್ನೆಲ್ಲ ಮಾಡಿದರು, ಮೂರೇ ತಿಂಗಳಲ್ಲಿ ನೋವು ಅರ್ಧಕ್ಕೆ ಇಳಿಯಿತು. ಗರಡಿಯಲ್ಲಿ ಮಾತ್ರ ಇದರ ಒಂದಕ್ಷರವನ್ನೂ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲವೆಂದರೆ, ಹೆದರಿಕೆ. ಹದಿನಾಲ್ಕು ಜನರ ಎದುರಿಗೆ ನಿಲ್ಲುವ ಆ ಎರಡು ಗಂಟೆ ಹೋಯಿತೆಂದರೆ ಉಳಿಯುವುದು ಲಿಫ್ಟಿನ ಸ್ಟೂಲು ಮತ್ತು ಗುಂಡಿಗಳ ಸಾಲು. ದೊಡ್ಡ ಮೇಷ್ಟ್ರ ಕಡೆಗಾಲವೂ ಅವರಿಗೆ ನೆನಪಿತ್ತು. ಮಂಚದ ಮೇಲೆ ಸೂರಿಗೆ ಒಂದು ಹಗ್ಗ ಕಟ್ಟಿಸಿಕೊಂಡಿದ್ದರು; ತೋಳಿನ ಬಲಕ್ಕೆ ಸಾಧನೆ ಮಾಡುತ್ತಿದ್ದೇನೆ ಎಂದಿದ್ದರು. ಈ ಮಹಾಶಯರು ಅದನ್ನು ನಂಬಿ, ತಮ್ಮ ಶೆಡ್ಡಿನಲ್ಲೂ ಒಂದು ಹಗ್ಗ ಕಟ್ಟಿ, ಹಗ್ಗಸಾಧನೆ ಎಂದು ಹೆಸರಿಟ್ಟು ಹತ್ತು ವರ್ಷದಿಂದ ಶಿಷ್ಯರನ್ನು ನೇತುಹಾಕುತ್ತಿದ್ದರು. ಮುದುಕರಿಗೆ ಮಂಚದಿಂದ ಏಳಲು ಮಂಡಿ ಬರುತ್ತಿರಲಿಲ್ಲ, ಅದಕ್ಕೆ ಹಗ್ಗ ಎಂಬುದು ತಮ್ಮ ಮಂಡಿ ಹೋದ ಮೇಲಷ್ಟೇ ಅವರಿಗೆ ಹೊಳೆಯಿತು. ಹೊಳೆದ ಮೇಲೂ ಹಗ್ಗ ಬಿಚ್ಚಲಿಲ್ಲ.

ಹೀಗೆ ಎಂಟು ತಿಂಗಳು ಸಾಗಿತು. ಒಂದು ಮಧ್ಯಾಹ್ನ, ಊಟದ ಬಿಡುವು ಮುಗಿದ ಮೇಲೆ, ಫಿಸಿಯೋ ಮೇಡಂ ಕೆಳಗಿನಿಂದ ಚಹಾದ ಲೋಟ ಹಿಡಿದು ಲಿಫ್ಟಿಗೆ ಬಂದಳು. ಒಳಗೆ ಇಬ್ಬರೇ. ಅವಳಿಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದಿತ್ತು. ಹೆಸರು ಹೇಳದೆ ಒಬ್ಬ ರೋಗಿಯ ವಿಷಯ ತೆಗೆದಳು. ಎರಡು ತಿಂಗಳಿಂದ ಒಬ್ಬ ಹುಡುಗಿ ಬರುತ್ತಾಳಂತೆ. ಮಂಡಿ ಊದಿಕೊಂಡಿದೆಯಂತೆ. ಮಂಡಿ ತೋರಿಸಲು ಏಳು ಮಹಡಿ ಮೆಟ್ಟಿಲು ಹತ್ತಿಕೊಂಡೇ ಬರುತ್ತಾಳಂತೆ, ವಾರಕ್ಕೆ ಮೂರು ಸಲ. ಎಷ್ಟು ಬೈದರೂ ಲಿಫ್ಟಿನೊಳಗೆ ಕಾಲಿಡುವುದಿಲ್ಲವಂತೆ.

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥ ಪೆದ್ದು ಹುಡುಗಿಯನ್ನು ಹೆತ್ತವರು ಯಾರೋ ಎಂದರು. ಲಿಫ್ಟಿನಲ್ಲೇನು ಹುಲಿ ಕೂತಿದೆಯಾ ಎಂದು ನೀವು ಕೇಳಬೇಕಿತ್ತು ಎಂದೂ ಸೇರಿಸಿದರು.

"ಕೇಳ್ದೆ. ಕೂತಿದೆ ಅಂದ್ಲು," ಎಂದಳು ಮೇಡಂ.

ಮೇಷ್ಟ್ರು ಇನ್ನೂ ನಕ್ಕರು. ಲಿಫ್ಟ್ ಮೂರು ದಾಟಿ ಮೇಲೇರುತ್ತಿತ್ತು.

"ಇನ್ನೊಂದು ತಮಾಷೆ ಕೇಳಿ. ಹತ್ತು ಸಲ ಕಾಲೆತ್ತಮ್ಮಾ ಅಂದ್ರೆ ಒಂಬತ್ತೇ ಸಲ ಎತ್ತುತ್ತಾಳೆ. ಐದು, ಆರು, ಎಂಟು ಅಂತಾಳೆ. ಡಿಗ್ರಿ ಓದಿರೋಳು."

ಹೇಳುತ್ತ ಹೇಳುತ್ತ ಮೇಡಂ ಗಕ್ಕನೆ ನಿಲ್ಲಿಸಿ ಮೇಷ್ಟ್ರ ಮುಖ ನೋಡಿದಳು. ಅವಳ ಕೋಣೆಯಲ್ಲಿ ಎಂಟು ತಿಂಗಳಿಂದ ಹತ್ತಕ್ಕೆ ಒಂಬತ್ತೇ ಸಲ ಕಾಲೆತ್ತುವವರು ಇನ್ನೊಬ್ಬರಿದ್ದರು. ವಯಸ್ಸಾದವರು, ಎಣಿಕೆ ತಪ್ಪುತ್ತದೆ ಎಂದು ಅವಳು ಸುಮ್ಮನಿದ್ದಳು.

ಮೇಷ್ಟ್ರ ನಗು ಬಾಯಲ್ಲೇ ಉಳಿಯಿತು. ಯಾವ ಮಂಡಿ ಎಂದು ಕೇಳಿದರು. ಎಡಗಡೆಯದು ಎಂದು ಮೇಡಂ ಸಣ್ಣ ದನಿಯಲ್ಲಿ ಹೇಳಿದಳು. ಇನ್ನು ಆರು ವಾರ ಹಾಗೆ ಕೂರಲೇಬಾರದು, ಕೂತರೆ ಆಪರೇಷನ್ ತಪ್ಪಿದ್ದಲ್ಲ ಎಂದು ಅವಳಿಗೆ ಹೇಳಿದ್ದೇನೆ, ತಾನು ಕೂರದಿದ್ದರೆ ಅಲ್ಲಿ ಕೂರುವವರು ಯಾರೂ ಇಲ್ಲ ಎನ್ನುತ್ತಾಳೆ, ಅವಳು ಬರುವ ಹೊತ್ತೂ ಇದೇ ಎಂದಳು.

ಏಳನೆಯ ಮಹಡಿಯಲ್ಲಿ ಮೇಷ್ಟ್ರು ಲಿಫ್ಟನ್ನು ಬಾಗಿಲು ತೆರೆದಂತೆಯೇ ಬಿಟ್ಟು ಮೆಟ್ಟಿಲ ಕಡೆ ನಡೆದರು. ಆ ದಿನ ಬೋರ್ಡು ಹಾಕುವುದೂ ನೆನಪಾಗಲಿಲ್ಲ. ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ. ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡು ಕಾಲೂ ಊರುತ್ತ, ಮಕ್ಕಳು ಇಳಿಯುವ ಹಾಗೆ ಇಳಿದರು. ನಾಲ್ಕು ಮತ್ತು ಐದನೆಯ ಮಹಡಿಯ ನಡುವಿನ ತಿರುವಿನಲ್ಲಿ, ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಮಗಳು ಕೂತಿದ್ದಳು. ಚಪ್ಪಲಿ ಪಕ್ಕದಲ್ಲಿತ್ತು. ಎರಡೂ ಕೈಯಿಂದ ಮಂಡಿಯನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು.

ಹೆಜ್ಜೆ ಸದ್ದಿಗೆ ಕಣ್ಣು ತೆರೆದು, ಅಪ್ಪನನ್ನು ಕಂಡು, ಹದಿನೈದು ವರ್ಷದ ರೂಢಿಯಂತೆ ತಟ್ಟನೆ ಏಳಲು ಹೋದಳು. ಕಾಲು ಕೇಳಲಿಲ್ಲ.

"ಏಳಬೇಡ," ಎಂದರು ಮೇಷ್ಟ್ರು.

ಪಕ್ಕದಲ್ಲಿ ಕೂರಲು ಹೋದರು. ಕಂಬಿ ಹಿಡಿದು ಅರ್ಧ ಬಗ್ಗುವಷ್ಟರಲ್ಲಿ ಬಾಯಿಂದ ಅಯ್ಯಮ್ಮಾ ಎಂದು ಬಂದೇಬಿಟ್ಟಿತು. ಮಗಳು ಅವರ ಕಾಲನ್ನೇ ನೋಡಿದಳು. ನಿಮಗೂನಾ ಎಂದಳು. ಅವರು ಹೂಂ ಎಂದರು. ಯಾವಾಗಿನಿಂದ ಎಂದು ಕೇಳಿದಳು. ಎಂಟು ತಿಂಗಳು ಎಂದರು. ಯಾರಿಗೆ ತೋರಿಸುತ್ತಿದ್ದೀರಿ ಎಂದದ್ದಕ್ಕೆ ಬೆರಳು ಮೇಲಕ್ಕೆ ಮಾಡಿದರು.

ಆಮೇಲೆ ಮಗಳು, ಸಿಟ್ಟೇನೂ ಇಲ್ಲದ ದನಿಯಲ್ಲಿ ಕೇಳಿದಳು.

"ಲಿಫ್ಟಲ್ಲಿ ಹೋಗ್ತಿದ್ರಾ ಅಪ್ಪಾ?"

ಮೇಷ್ಟ್ರು ಹೂಂ ಎಂದರು. ಜೀವನದಲ್ಲಿ ಅವರು ತಿಂದ ಏಟುಗಳು ಕಡಿಮೆಯಲ್ಲ. ಇಷ್ಟು ಮೆತ್ತಗೆ ಬಂದು ಇಷ್ಟು ಒಳಗೆ ಹೋದದ್ದು ಬೇರೊಂದಿರಲಿಲ್ಲ. ತಮಗೆ ಯಾಕೆ ಹೇಳಲಿಲ್ಲವೆಂದು ಅವಳನ್ನು ಕೇಳಿದರು. ಕೇಳುವಾಗಲೇ ಅದು ಕೇಳುವಂಥ ಪ್ರಶ್ನೆಯಲ್ಲವೆಂದು ಗೊತ್ತಿತ್ತು.

"ಅಂಚೆಯವರಿಗೆ ನೀವು ಅವತ್ತು ಅಂದ್ರಲ್ಲ, ನಾನೂ ಅಲ್ಲೇ ಇದ್ದೆ," ಎಂದಳು ಮಗಳು. "ಎಲ್ಲರ ಜೊತೆ ನಾನೂ ನಕ್ಕಿದ್ದೆ."

ಮೇಷ್ಟ್ರಿಗೆ ಅಳು ಬಂತು. ಅತ್ತರು. ಮಗಳು ಅವರ ಭುಜಕ್ಕೆ ತಲೆ ಆನಿಸಲು ಹೋಗಿ, ಕಾಲು ಮಡಚಲಾಗದೆ ಮತ್ತೆ ನೆಟ್ಟಗೆ ಕೂತಳು. ಏಳೋಣವೆಂದರೆ ಇಬ್ಬರಿಗೂ ಆಗಲಿಲ್ಲ. ಬರಿಗೈಯಲ್ಲಿ ನಾಲ್ವರನ್ನು ಎದುರಿಸುವ ವಿದ್ಯೆ ಬಲ್ಲ ಇಬ್ಬರು, ಒಂದು ಮೆಟ್ಟಿಲಿನಿಂದ ಏಳಲಾರದೆ, ಹೋಗಿಬರುವವರಿಗೆ ದಾರಿ ಬಿಡುತ್ತ ಕೂತಿದ್ದರು. ಕೊನೆಗೆ ಫಿಸಿಯೋ ಮೇಡಂ ಹುಡುಕಿಕೊಂಡು ಇಳಿದು ಬಂದು, ಒಬ್ಬೊಬ್ಬರನ್ನೇ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಅವಳು ಬೈದದ್ದನ್ನೆಲ್ಲ ಇಲ್ಲಿ ಬರೆಯಬೇಕಾಗಿಲ್ಲ, ಎಲ್ಲವೂ ನ್ಯಾಯವಾಗಿತ್ತು.

ಮನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ಇಬ್ಬರೂ ದಾರಿಯುದ್ದ ಯೋಚಿಸಿದ್ದರು. ಹೆಂಡತಿ ಕೇಳಿ, ಹೊಲಿಗೆ ಯಂತ್ರದಿಂದ ಕಣ್ಣೂ ಎತ್ತಲಿಲ್ಲ. ಮನೆಯಲ್ಲಿರುವುದು ಒಂದೇ ಬಿಸಿನೀರಿನ ಚೀಲ, ಊಟವಾದ ಮೇಲೆ ಮೊದಲು ಅಪ್ಪನಿಗೆ, ಆಮೇಲೆ ನೀರು ಬದಲಿಸಿ ಮಗಳಿಗೆ ಕೊಡುತ್ತಿದ್ದೇನೆ, ಮಗಳಿಗೆ ಗೊತ್ತಾಗಬಾರದು ಎಂದು ಇವರು, ಅಪ್ಪನಿಗೆ ಗೊತ್ತಾಗಬಾರದು ಎಂದು ಅವಳು, ಎರಡು ತಿಂಗಳಿಂದ ಇಬ್ಬರೂ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದೀರಿ ಎಂದಳು. ಎರಡೂ ಆಣೆಯನ್ನು ಕಾಪಾಡಿದ ತನಗೆ ಯಾವ ಗರಡಿಯವರೂ ಬಿರುದು ಕೊಡಲಿಲ್ಲವೆಂದೂ ಸೇರಿಸಿದಳು. ಇನ್ನೊಂದು ಚೀಲ ತರುವಂತೆ ಹೇಳಿ ಮತ್ತೆ ಯಂತ್ರ ತುಳಿದಳು.

ಮರುದಿನ ಬೆಳಿಗ್ಗೆ ಮೇಷ್ಟ್ರು ಗರಡಿಗೆ ಎರಡು ಕುರ್ಚಿ ಒಯ್ದರು. ಒಂದರಲ್ಲಿ ಮಗಳನ್ನು ಕೂರಿಸಿದರು, ಇನ್ನೊಂದರಲ್ಲಿ ತಾವು ಕೂತರು. ಶಿಷ್ಯರಿಗೆ ನೆಲದ ಮೇಲೆ ಆರಾಮವಾಗಿ ಕೂರಲು ಹೇಳಿ, ಎಲ್ಲವನ್ನೂ ಹೇಳಿದರು. ಬೆತ್ತ ಯಾತಕ್ಕೆ, ಹಗ್ಗ ಯಾತಕ್ಕೆ, ದುರಸ್ತಿಯ ಬೋರ್ಡು ಯಾತಕ್ಕೆ. ಎಣಿಕೆಯಲ್ಲಿ ಏಳು ಯಾಕಿಲ್ಲವೆಂದು ಹೇಳುವಾಗ ಹಲ್ಲಿನ ಡಾಕ್ಟರು ಪುಸ್ತಕ ತೆಗೆದು, ಹಳೆಯ ಪುಟ ಹುಡುಕಿ, ಅಡ್ಡಗೆರೆ ಎಳೆದರು. ಹೇಳುತ್ತ ಹೋದ ಹಾಗೆ ಮೇಷ್ಟ್ರಿಗೆ ತಮ್ಮ ಮೇಲೆಯೇ ನಗು ಬಂತು, ಶಿಷ್ಯರೂ ನಕ್ಕರು. ಆ ಸಂಜೆ ಅಂಚೆಯವನ ಮನೆಗೆ ಹೋಗಿ ತಪ್ಪಾಯಿತು ಎನ್ನುವುದಾಗಿಯೂ ಹೇಳಿದರು. ಆಗ ಯಾರೂ ನಗಲಿಲ್ಲ.

ಕೊನೆಗೆ, ನಿಮ್ಮಲ್ಲಿ ಯಾರಿಗೆ ಮಂಡಿ ನೋವಿದೆ, ಕೈ ಎತ್ತಿ ಎಂದರು.

ಒಂದು ಕೈಯೂ ಮೇಲೇಳಲಿಲ್ಲ. ಎಲ್ಲರೂ ನೆಲ ನೋಡಿಕೊಂಡು ಕೂತರು. ಇಷ್ಟು ವರ್ಷದಲ್ಲಿ ತಾವು ಒಬ್ಬರನ್ನೂ ಬಿಡದೆ ಪೂರ್ತಿಯಾಗಿ ಕಲಿಸಿದ ವಿದ್ಯೆ ಇದೊಂದೇ ಎಂದು ಮೇಷ್ಟ್ರಿಗೆ ಅರ್ಥವಾಯಿತು. ಅವರು ತಮ್ಮ ಕೈ ಎತ್ತಿದರು. ಪಕ್ಕದ ಕುರ್ಚಿಯಲ್ಲಿ ಮಗಳು ಎತ್ತಿದಳು. ಬೇಕರಿಯವನು ಅತ್ತಿತ್ತ ನೋಡಿ ಅರ್ಧ ಎತ್ತಿದ. ಕಂಡಕ್ಟರು ತಾನು ದಿನಾ ಮಾತ್ರೆ ನುಂಗಿಕೊಂಡೇ ಬರುವುದೆಂದು ಒಪ್ಪಿಕೊಂಡ. ಕಾಲೇಜಿನ ಹುಡುಗಿಯೊಬ್ಬಳು ಕೈ ಎತ್ತಿದ್ದನ್ನು ನೋಡಿ ಹಲ್ಲಿನ ಡಾಕ್ಟರು ಎತ್ತಿದರು. ಹದಿನಾಲ್ಕರಲ್ಲಿ ಹನ್ನೊಂದು ಕೈಗಳು.

ಮೇಷ್ಟ್ರು ಅವನ್ನು ನೋಡುತ್ತ ಕೂತರು. ಆಮೇಲೆ, ನಿಧಾನವಾಗಿ ಎದ್ದು ಶೆಡ್ಡಿನ ಸುತ್ತ ಹತ್ತು ನಿಮಿಷ ನಡೆದು ಬನ್ನಿ, ಮೈ ಬೆಚ್ಚಗಾಗಲಿ, ಉಳಿದದ್ದು ಆಮೇಲೆ ನೋಡೋಣ ಎಂದರು. ಎಣಿಸಲಿಲ್ಲ. ಹದಿನಾಲ್ಕು ಜನ ನೆಲಕ್ಕೆ ಕೈಯೂರಿ ಎದ್ದರು. ಲಟಕ್, ಪಟಕ್ ಎಂದು ಒಂದರ ಹಿಂದೊಂದು ಮಂಡಿಗಳ ಸದ್ದು ತಗಡಿಗೆ ಬಡಿದು ಶೆಡ್ಡಿನ ತುಂಬ ಕೇಳಿಸಿತು. ಆ ಸದ್ದು ಇಷ್ಟು ವರ್ಷವೂ ಅಲ್ಲೇ ಇದ್ದಿರಬೇಕು. ತಾವು ಜೋರಾಗಿ ಎಣಿಸುತ್ತಿದ್ದುದರಿಂದ ಮೇಷ್ಟ್ರಿಗೆ ಕೇಳಿಸಿರಲಿಲ್ಲ.